ಪರದೆಗೆ ಬಣ್ಣ ಹಚ್ಚುವುದರಲ್ಲಿ ಪಿಎಚ್‌ಡಿ ಮಾಡಲು ಏನಿದೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಮಗಳು ಬಿ.ಇ. ಮುಗಿಸಿ ಎರಡು ವರ್ಷದಿಂದ ಬೆಂಗಳೂರಿನ ಕಂಪನಿಯೊಂದರಲ್ಲಿ ಯುಎಕ್ಸ್ ಡಿಸೈನರ್ ಆಗಿದ್ದಾಳೆ. ಸಂಬಳ ಚೆನ್ನಾಗಿದೆ. ಈಗ ಅದನ್ನು ಬಿಟ್ಟು ಎಚ್‌ಸಿಐ, ಅಂದರೆ ಮನುಷ್ಯ–ಕಂಪ್ಯೂಟರ್ ಸಂವಹನ, ಎಂಬ ವಿಷಯದಲ್ಲಿ ಸಂಶೋಧನೆ ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ ಎನ್ನುತ್ತಿದ್ದಾಳೆ. ನನಗೆ ತಿಳಿದಂತೆ ಅವಳ ಕೆಲಸ ಮೊಬೈಲ್ ಪರದೆಗೆ ಬಣ್ಣ, ಗುಂಡಿ ಜೋಡಿಸುವುದು. ಅದರಲ್ಲಿ ಪಿಎಚ್‌ಡಿ ಮಾಡಲು ಏನಿದೆ? ಆಮೇಲೆ ಜೀವನ ನಡೆಯುತ್ತದೆಯೇ? ನಮ್ಮ ಕಡೆ ಯಾರಾದರೂ ಇದನ್ನು ಮಾಡಿದ್ದಾರೆಯೇ?

ಉತ್ತರ: ನಿಮ್ಮ ಮಗಳ ವಿಷಯಕ್ಕೆ ಬರುವ ಮೊದಲು ಒಂದು ಜೆರಾಕ್ಸ್ ಯಂತ್ರದ ಕಥೆ ಹೇಳುತ್ತೇನೆ.

1980ರ ದಶಕದ ಆರಂಭ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಎಂಬಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ನಾವು ಅಂಗಡಿಗೆ ಹೋಗಿ ‘ಎರಡು ಜೆರಾಕ್ಸ್ ಕೊಡಿ’ ಅನ್ನುತ್ತೇವಲ್ಲ, ಅದೇ ಕಂಪನಿ. ಅವರ ಹೊಸ ಯಂತ್ರ ಬಳಸಲು ಬಲು ತೊಡಕು ಎಂದು ಗಿರಾಕಿಗಳು ದೂರುತ್ತಿದ್ದರು. ಆ ಕೇಂದ್ರದಲ್ಲಿ ಲೂಸಿ ಸಚ್‌ಮನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಇದ್ದರು. ಅವರು ಓದುತ್ತಿದ್ದದ್ದು ಕಂಪ್ಯೂಟರ್ ವಿಜ್ಞಾನವಲ್ಲ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ. ಅವರು ಜನರನ್ನು ಇಬ್ಬಿಬ್ಬರಾಗಿ ಯಂತ್ರದ ಮುಂದೆ ನಿಲ್ಲಿಸಿ, ನಕಲು ತೆಗೆಯಲು ಹೇಳಿ, ಅವರಾಡುವ ಮಾತು, ಮಾಡುವ ಕೈಕೆಲಸ ಎಲ್ಲವನ್ನೂ ವಿಡಿಯೊದಲ್ಲಿ ಹಿಡಿದರು. ಹಾಗೆ ನಿಂತವರಲ್ಲಿ ಒಬ್ಬರು ಅಲೆನ್ ನ್ಯೂವೆಲ್. ಕೃತಕ ಬುದ್ಧಿಮತ್ತೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. 1975ರಲ್ಲೇ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಜೊತೆಗಿದ್ದವರು ರಾನ್ ಕಪ್ಲಾನ್, ಅವರೂ ದೊಡ್ಡ ವಿದ್ವಾಂಸರು. ಹಾಳೆಯ ಎರಡೂ ಬದಿಗೆ ನಕಲು ತೆಗೆಯುವಷ್ಟರಲ್ಲಿ ಇಬ್ಬರೂ ಸುಸ್ತಾದರು.

ಆ ವಿಡಿಯೊದಲ್ಲಿ ನಿಜವಾಗಿ ಕಾಣುವುದೇನು? ಯಂತ್ರಕ್ಕೆ ಗೊತ್ತಾಗುವುದು ಎರಡೇ ಎರಡು ಸಂಗತಿ: ಯಾವ ಗುಂಡಿ ಒತ್ತಿದರು, ಯಾವ ಮುಚ್ಚಳ ತೆರೆದರು. ಇವರ ಮುಖದ ಗಲಿಬಿಲಿ, ‘ಈಗ ಏನು ಮಾಡೋಣ’ ಎಂಬ ಪಿಸುಮಾತು, ತಪ್ಪು ಕಡೆ ಇಟ್ಟ ಹಾಳೆ ಅದಕ್ಕೆ ಕಾಣದು. ಮನುಷ್ಯರೋ, ಯಂತ್ರ ಸುಮ್ಮನಿದ್ದರೆ ಅದಕ್ಕೂ ಒಂದು ಅರ್ಥ ಕಟ್ಟುತ್ತಾರೆ. ನಾವು ಮಾಡಿದ್ದು ಸರಿ ಅಂತಲೋ, ತಪ್ಪು ಅಂತಲೋ. ಯಂತ್ರ ಮಾಡಿದವರು ಮುಂಚೆಯೇ ಒಂದು ಯೋಜನೆ ಹಾಕಿಕೊಂಡು ಅದನ್ನೇ ಯಂತ್ರದೊಳಗೆ ತುಂಬಿರುತ್ತಾರೆ. ಜನ ಯೋಜನೆಯಂತೆ ನಡೆಯುವುದಿಲ್ಲ, ಎದುರಿಗೆ ಏನಿದೆಯೋ ಅದನ್ನು ನೋಡಿಕೊಂಡು ನಡೆಯುತ್ತಾರೆ. ಇದೇ ಸಚ್‌ಮನ್ ಅವರ ಸಂಶೋಧನೆಯ ತಿರುಳು. 1987ರಲ್ಲಿ ಅದು ಪುಸ್ತಕವಾಯಿತು. ಮುಂದೆ ಅವರು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ನಲವತ್ತು ವರ್ಷ ಸಮೀಪಿಸುತ್ತಿದೆ, ಇಂದಿಗೂ ಈ ವಿಷಯದ ಅನೇಕ ತರಗತಿಗಳಲ್ಲಿ ಆ ಪುಸ್ತಕ ಓದಿಸುತ್ತಾರೆ.

ನಿಮ್ಮ ಮಗಳು ಪಿಎಚ್‌ಡಿ ಮಾಡಬೇಕೆನ್ನುವುದು ಇದರಲ್ಲಿ. ಬಣ್ಣ, ಗುಂಡಿ ಎಲ್ಲ ಕೊನೆಗೆ ಬರುವಂಥವು.

ಇದೇ ನ್ಯೂವೆಲ್ ಅವರಿಗೆ ಈ ವಿಷಯದಲ್ಲಿ ಇನ್ನೊಂದು ಸ್ಥಾನವೂ ಇದೆ. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್ ಜೊತೆ ಸೇರಿ 1983ರಲ್ಲಿ ಅವರು ಬರೆದ ಗ್ರಂಥವೇ ಎಚ್‌ಸಿಐಯನ್ನು ಒಂದು ವಿಜ್ಞಾನವಾಗಿ ನಿಲ್ಲಿಸಿದ್ದು. ಒಂದು ಕೀಲಿ ಒತ್ತಲು ಎಷ್ಟು ಸಮಯ ಹಿಡಿಯುತ್ತದೆ, ಕೈ ಕೀಲಿಮಣೆಯಿಂದ ಮೌಸಿಗೆ ಹೋಗಲು ಎಷ್ಟು, ಯೋಚಿಸಲು ಎಷ್ಟು ಎಂದು ಅಳೆದು ಕೂಡುವ ವಿಧಾನ ಅದರಲ್ಲಿದೆ. ಅದಕ್ಕೂ ಮುಂಚೆ 1978ರಲ್ಲಿ ಕಾರ್ಡ್ ಮತ್ತು ಸಂಗಡಿಗರು ಮೌಸು, ಜಾಯ್‌ಸ್ಟಿಕ್ಕು, ಕೀಲಿಗಳನ್ನು ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸಿ, ಮೌಸೇ ವೇಗ ಎಂದು ತೋರಿಸಿದ್ದರು. ಕೈಯಿಂದ ಗುರಿ ಮುಟ್ಟಲು ಹಿಡಿಯುವ ಸಮಯಕ್ಕೆ 1954ರಲ್ಲಿ ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ ಕೊಟ್ಟ ಸೂತ್ರವಿದೆ. ಮೌಸು ಅದಕ್ಕೆ ಹತ್ತಿರ ಹತ್ತಿರ ಬಂದಿತ್ತು. ಹಾಗೆ ಒಂದು ದಾರಿ ಅಳೆಯುವವರದು, ಇನ್ನೊಂದು ನೋಡುವವರದು. ಒಂದರಲ್ಲಿ ನ್ಯೂವೆಲ್ ಗ್ರಂಥಕರ್ತರು, ಇನ್ನೊಂದರಲ್ಲಿ ಕಕ್ಕಾಬಿಕ್ಕಿಯಾಗಿ ನಿಂತ ಬಳಕೆದಾರರು. ನಿಮ್ಮ ಮಗಳು ಯಾವ ದಾರಿ ಹಿಡಿದರೂ ಎರಡನ್ನೂ ಕಲಿಯಬೇಕಾಗುತ್ತದೆ. ‘ಯೂಸರ್ ಎಕ್ಸ್‌ಪೀರಿಯೆನ್ಸ್’ (ಯುಎಕ್ಸ್) ಎಂಬ ಮಾತು ಉದ್ಯೋಗದ ಹೆಸರಾದದ್ದಕ್ಕೂ ಒಬ್ಬ ಪ್ರಾಧ್ಯಾಪಕರೇ ಕಾರಣ. ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್ 1993ರಲ್ಲಿ ವಿಶ್ವವಿದ್ಯಾಲಯ ಬಿಟ್ಟು ಆಪಲ್ ಸೇರಿದಾಗ ತಮ್ಮ ಹುದ್ದೆಗೆ ಆ ಹೆಸರಿಟ್ಟುಕೊಂಡರು. 2014ರಲ್ಲಿ ಮತ್ತೆ ವಿಶ್ವವಿದ್ಯಾಲಯಕ್ಕೇ ಮರಳಿ ಹೊಸ ಪ್ರಯೋಗಾಲಯ ಕಟ್ಟಿದರು. ಕಂಪನಿಗೂ ಕಾಲೇಜಿಗೂ ನಡುವಿನ ಬಾಗಿಲು ಈ ವಿಷಯದಲ್ಲಿ ಎರಡೂ ಕಡೆ ತೆರೆದುಕೊಳ್ಳುತ್ತದೆ.

ಇನ್ನು ನಮ್ಮೂರಿನ ಮಾತು. ಒಂದು ಬ್ಯಾಂಕ್ ಶಾಖೆಯಲ್ಲಿ ಪಾಸ್‌ಬುಕ್ ಎಂಟ್ರಿ ಮಾಡುವ ಯಂತ್ರದ ಪಕ್ಕ ನಾನು ಅರ್ಧ ದಿನ ನಿಂತಿದ್ದೆ. ಪುಸ್ತಕದ ಸರಿಯಾದ ಪುಟ ತೆರೆದು, ಸರಿಯಾದ ದಿಕ್ಕಿನಲ್ಲಿ ಒಳಗೆ ತಳ್ಳಬೇಕು. ಹಾಗಾಗದಿದ್ದರೆ ಯಂತ್ರ ಇಂಗ್ಲಿಷಿನಲ್ಲಿ ಏನೋ ತೋರಿಸಿ ಪುಸ್ತಕವನ್ನು ಹೊರಗೆ ನೂಕುತ್ತದೆ. ಒಬ್ಬ ಅಜ್ಜಿ ನಾಲ್ಕು ಸಲ ತಳ್ಳಿದರು, ನಾಲ್ಕು ಸಲವೂ ವಾಪಸ್. ಆಮೇಲೆ ಪುಸ್ತಕವನ್ನು ಸೆರಗಿಗೆ ಒರೆಸಿಕೊಂಡು ‘ನಾ ಓದಿದಾಕಿ ಅಲ್ಲಪ್ಪ, ನನಗಿದು ಆಗೂದಿಲ್ಲ’ ಎಂದು ಹೊರಟುಹೋದರು. ಯಂತ್ರದ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಹೋದರು. ಆ ತಪ್ಪನ್ನು ಎಲ್ಲಿ ಇಡಬೇಕೋ ಅಲ್ಲಿಡುವುದು, ಅದೂ ಬರೀ ಮರುಕದಿಂದಲ್ಲ, ಪುರಾವೆ ಸಮೇತ ಇಡುವುದು ಎಚ್‌ಸಿಐ ಸಂಶೋಧಕರ ಕೆಲಸ ಎಂದು ನಾನು ನಂಬಿದ್ದೇನೆ.

‘ನಮ್ಮ ಕಡೆ ಯಾರಾದರೂ ಮಾಡಿದ್ದಾರೆಯೇ’ ಎಂದು ಕೇಳಿದ್ದೀರಿ. ಜಗತ್ತಿನ ಎಚ್‌ಸಿಐಗೆ ಬೆಂಗಳೂರು ಕೊಟ್ಟದ್ದು ಕಡಿಮೆಯೇನಲ್ಲ. 2005ರ ಆರಂಭದಲ್ಲಿ ಮೈಕ್ರೋಸಾಫ್ಟ್ ಅಲ್ಲಿ ಸಂಶೋಧನಾಲಯ ತೆರೆಯಿತು. ಇಂದ್ರಾಣಿ ಮೇಧಿ ಎಂಬ ಯುವತಿ ಅಲ್ಲಿಗೆ ಬಂದರು. ಓದಿದ್ದು ನಾಗಪುರದಲ್ಲಿ ವಾಸ್ತುಶಿಲ್ಪ, ಆಮೇಲೆ ಶಿಕಾಗೊದಲ್ಲಿ ಡಿಸೈನ್. ಅವರು ಬೆಂಗಳೂರಿನ ಕೊಳೆಗೇರಿಗಳಿಗೆ ಹೋಗಿ, ಮನೆಗೆಲಸ ಮಾಡುವ ಹೆಂಗಸರ ಜೊತೆ ಕೂತು, ಅಕ್ಷರವೇ ಇಲ್ಲದ ಪರದೆಯೊಂದನ್ನು ರೂಪಿಸತೊಡಗಿದರು. ಯಾವ ಮನೆಯಲ್ಲಿ ಕೆಲಸವಿದೆ, ಏನು ಕೆಲಸ, ಎಷ್ಟು ಸಂಬಳ ಎಂಬುದನ್ನು ಚಿತ್ರ ಮತ್ತು ದನಿಯಿಂದಲೇ ಹೇಳುವ ಪರದೆ. ಪಾತ್ರೆ ತೊಳೆಯುವುದನ್ನು ಹೇಗೆ ಚಿತ್ರಿಸಿದರೆ ಪಾತ್ರೆ ಅಂತಾಗದೆ ‘ತೊಳೆಯುವುದು’ ಎಂದು ತಿಳಿಯುತ್ತದೆ ಎಂಬುದನ್ನು ಆ ಹೆಂಗಸರಿಂದಲೇ ಕಲಿಯಬೇಕಿತ್ತು.

ಚಿತ್ರಗಳು ಸರಿಯಾದವು, ದನಿಯೂ ಸರಿಯಾಯಿತು. ಆದರೂ ಮೊದಲ ಸಲ ಕಂಪ್ಯೂಟರ್ ನೋಡುವವರು ಮುಟ್ಟಲು ಹಿಂಜರಿಯುತ್ತಿದ್ದರು. ಅವರಿಗೆ ಗೊತ್ತಾಗದೆ ಇದ್ದದ್ದು ಗುಂಡಿಯಲ್ಲ. ಈ ಪೆಟ್ಟಿಗೆಯೊಳಗೆ ಕೆಲಸದ ಸುದ್ದಿ ಬಂದದ್ದಾದರೂ ಹೇಗೆ, ಅದನ್ನು ಒಳಗೆ ಹಾಕಿದವರು ಯಾರು ಎಂಬುದೇ ತಿಳಿದಿರಲಿಲ್ಲ. ಆಗ ಒಂದು ಪುಟ್ಟ ನಾಟಕದಂಥ ವಿಡಿಯೊ ಮಾಡಿ ಪರದೆಯ ಆರಂಭದಲ್ಲೇ ಇಟ್ಟರು. ಮನೆಯ ಯಜಮಾನಿ ಕೆಲಸದವಳು ಬೇಕೆಂದು ಹೇಳುವುದು, ಆ ಸುದ್ದಿ ಕಂಪ್ಯೂಟರಿಗೆ ಬರುವುದು, ಇನ್ನೊಬ್ಬಳು ಅದನ್ನು ನೋಡಿ ಕೆಲಸ ಹಿಡಿಯುವುದು, ಹೀಗೆ ಇಡೀ ಕಥೆ. ಅದನ್ನು ನೋಡಿದವರು ಮುಂದೆ ಬಂದು ಮುಟ್ಟಿದರು. ನಾನು ಓದಿದ ಎಚ್‌ಸಿಐ ಬರಹಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಓದು ಬಾರದವರಿಗೆ ಕೊರತೆಯಾಗಿದ್ದದ್ದು ಅಕ್ಷರ ಮಾತ್ರ ಎಂದು ಎಲ್ಲರೂ ಎಣಿಸಿದ್ದಾಗ, ಹತ್ತಿರ ಕೂತು ನೋಡಿದವರಿಗೆ ಬೇರೆಯೇ ಕೊರತೆ ಕಂಡಿತು. ಇಂದ್ರಾಣಿ ಮುಂದೆ ಮುಂಬಯಿ ಐಐಟಿಯಿಂದ ಪಿಎಚ್‌ಡಿ ಪಡೆದರು.

ಅದೇ ಸಂಶೋಧನಾಲಯದ ಇನ್ನೊಂದು ಕೆಲಸ ನಿಮಗೆ, ಶಿಕ್ಷಕಿಯಾಗಿ, ತಟ್ಟನೆ ಹಿಡಿಸುತ್ತದೆ. ಸರ್ಕಾರಿ ಶಾಲೆಯಲ್ಲಿ ಒಂದೇ ಕಂಪ್ಯೂಟರ್, ಸುತ್ತ ಹತ್ತು ಮಕ್ಕಳು. ಮೌಸು ಯಾವಾಗಲೂ ಒಬ್ಬರದೇ ಕೈಯಲ್ಲಿ. ಯಾರ ಕೈಯಲ್ಲಿ ಎಂದು ನಿಮಗೆ ನಾನು ಹೇಳಬೇಕಿಲ್ಲ, ಹಿಂದೆ ನಿಂತ ಹುಡುಗಿ ಕತ್ತು ಚಾಚಿ ನೋಡುವುದನ್ನು ನೀವು ದಿನವೂ ಕಂಡಿರುತ್ತೀರಿ. ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ಟೊಯಾಮಾ ಮತ್ತು ಸಂಗಡಿಗರು ಒಂದೇ ಕಂಪ್ಯೂಟರಿಗೆ ಹಲವು ಮೌಸು ಜೋಡಿಸಿದರು. ಪ್ರತಿ ಮಗುವಿಗೂ ಪರದೆಯ ಮೇಲೆ ತನ್ನದೇ ಬಣ್ಣದ ಬಾಣ. ಬೆಂಗಳೂರಿನ ಸುತ್ತಲ ಹಳ್ಳಿ ಶಾಲೆಗಳಲ್ಲಿ ಪರೀಕ್ಷಿಸಿದರು. ಪೈಪೋಟಿ ಇಟ್ಟಾಗ ಮಕ್ಕಳು, ಅದರಲ್ಲೂ ಗಂಡುಹುಡುಗರು, ಕಲಿಯುವುದನ್ನು ಬಿಟ್ಟು ಕ್ಲಿಕ್ಕಿಸುವುದಕ್ಕೆ ಬೀಳುತ್ತಿದ್ದರು. ಎಲ್ಲರೂ ಒಪ್ಪಿದರೆ ಮಾತ್ರ ಮುಂದೆ ಹೋಗುವಂತೆ ಮಾಡಿದಾಗ ಕಲಿಕೆ ಸುಧಾರಿಸಿತು. ಪಾಲ್ ಮತ್ತು ಟೊಯಾಮಾ ಇಬ್ಬರೂ ಇಂದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ಪ್ರಯೋಗಾಲಯ, ಕೈಯೂ ಮಾತೂ ಸ್ವಾಧೀನದಲ್ಲಿಲ್ಲದ ಮಕ್ಕಳು ಕಣ್ಣಿನ ನೋಟದಿಂದಲೇ ಕಂಪ್ಯೂಟರ್ ನಡೆಸುವಂತೆ ಮಾಡುವ ಸಂಶೋಧನೆ ನಡೆಸಿದೆ. ಎಚ್‌ಸಿಐ ಎಂಬ ಹೆಸರಿನ ಹಂಗಿಲ್ಲದೆ ಇದೇ ಕೆಲಸ ಮಾಡಿದ ನಮ್ಮವರೂ ಇದ್ದಾರೆ. ಕನ್ನಡವನ್ನು ಉಚ್ಚಾರಣೆಯ ತರ್ಕದಲ್ಲೇ ಬೆರಳಚ್ಚಿಸುವ ಕೀಲಿಮಣೆ ವಿನ್ಯಾಸವನ್ನು ಕೊಟ್ಟವರು ಕೆ.ಪಿ. ರಾವ್.

ಈಗ ನೀವು ಕೇಳದೇ ಇದ್ದರೂ ನಿಮ್ಮ ಪತ್ರದೊಳಗೆ ಅಡಗಿರುವ ಪ್ರಶ್ನೆ: ಇದೆಲ್ಲವನ್ನೂ ಕಂಪನಿಯಲ್ಲಿದ್ದುಕೊಂಡೇ ಮಾಡಬಾರದೇ? ಸ್ವಲ್ಪ ಮಟ್ಟಿಗೆ ಮಾಡಬಹುದು. ಕಂಪನಿಯಲ್ಲಿ ಅವಳಿಗೆ ಬರುವ ಪ್ರಶ್ನೆ ‘ಈ ಶುಕ್ರವಾರದೊಳಗೆ ಯಾವ ಪರದೆ ಇಡೋಣ’ ಎಂಬುದು. ಐದಾರು ಜನರಿಗೆ ತೋರಿಸಿ, ಎಡವಿದ ಕಡೆ ತಿದ್ದಿ, ಬಿಡುಗಡೆ ಮಾಡುತ್ತಾರೆ. ಅದು ತಪ್ಪಲ್ಲ, ಆ ಕೆಲಸಕ್ಕೆ ಅಷ್ಟು ಸಾಕು. ಆದರೆ ಜನ ಯಾಕೆ ಎಡವಿದರು, ಬೇರೆ ಊರಿನ, ಬೇರೆ ವಯಸ್ಸಿನವರೂ ಹಾಗೇ ಎಡವುತ್ತಾರೆಯೇ ಎಂದು ಕೇಳುತ್ತ ಕೂರಲು ಅಲ್ಲಿ ಬಿಡುವಿರುವುದಿಲ್ಲ.

ಕನ್ನಡವನ್ನೇ ತೆಗೆದುಕೊಳ್ಳಿ. ‘ಸ್ತ್ರೀ’ ಎಂಬುದನ್ನು ನಾವು ಒಂದು ಅಕ್ಷರವೆಂದು ಮಗುವಿಗೆ ಕಲಿಸುತ್ತೇವೆ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸಾಲು: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ. ಬರೆಯುತ್ತ ತಪ್ಪಾಗಿ ಅಳಿಸುವ ಕೀಲಿ ಒತ್ತಿದರೆ ಅಕ್ಷರವಿಡೀ ಹೋಗಬೇಕೆ, ಕೊನೆಯ ದೀರ್ಘ ಮಾತ್ರ ಹೋಗಬೇಕೆ? ಬರೆಯುವವರ ಮನಸ್ಸಿನಲ್ಲಿ ಅಕ್ಷರ ಯಾವುದು? ಒಂದೊಂದು ತಂತ್ರಾಂಶ ಒಂದೊಂದು ಥರ ಮಾಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆಂದು ಅಳೆದ ಗುಂಡಿಯೊಳಗೆ ಕನ್ನಡ ಹಾಕಿದರೆ ಕೆಳಗಿನ ಒತ್ತಕ್ಷರದ ಕಾಲು ಕತ್ತರಿಸಿಹೋಗುವುದನ್ನು ನೀವೂ ನೋಡಿರಬಹುದು. ಕನ್ನಡ ಚೆನ್ನಾಗಿ ಬಲ್ಲ ಕಾಲೇಜು ಮಕ್ಕಳು ವಾಟ್ಸಾಪಿನಲ್ಲಿ ‘ಊಟ ಆಯ್ತಾ’ ಎನ್ನುವುದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಾರೆ. ಸೋಮಾರಿತನವೇ, ಕೀಲಿಮಣೆಯ ತೊಡಕೇ, ಅಭ್ಯಾಸವೇ, ಗೆಳೆಯರೆದುರು ಸಂಕೋಚವೇ? ಮುಂಬಯಿ ಐಐಟಿಯ ಅನಿರುದ್ಧ ಜೋಶಿ ಮತ್ತು ತಂಡ ಭಾರತೀಯ ಭಾಷೆಗಳಿಗೆಂದು ‘ಸ್ವರಚಕ್ರ’ ಎಂಬ ಮೊಬೈಲ್ ಕೀಲಿಮಣೆ ಮಾಡಿತು. ವ್ಯಂಜನ ಮುಟ್ಟಿದರೆ ಸುತ್ತ ಅದರ ಕಾಗುಣಿತ ಚಕ್ರವಾಗಿ ಅರಳುತ್ತದೆ, ಕನ್ನಡದಲ್ಲೂ ಬಂತು. ನಿಮ್ಮ ಶಾಲೆಯ ಗೋಡೆಯ ಮೇಲಿರುವ ಕಾಗುಣಿತದ ಪಟವೇ ಅದಕ್ಕೆ ಮೂಲ ಎನ್ನಬಹುದು. ಇಂಥ ಒಂದು ಕೀಲಿಮಣೆಯ ಹಿಂದೆ ವರ್ಷಗಟ್ಟಲೆ ಪರೀಕ್ಷೆ ಇರುತ್ತದೆ. ಆ ವರ್ಷಗಳನ್ನು ಕೊಡುವ ಜಾಗ ವಿಶ್ವವಿದ್ಯಾಲಯ.

ಹಾವೇರಿಯ ಹುಡುಗಿಗೆ ಇಂಥ ಪ್ರಶ್ನೆಗಳು ಹುಟ್ಟಿನಿಂದ ಬಂದ ಆಸ್ತಿ. ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ಇವು ಕಾಣುವುದೇ ಇಲ್ಲ.

ಇನ್ನು ಜೀವನದ ಮಾತು. ಇದನ್ನು ಮುಚ್ಚಿಡದೆ ಹೇಳಬೇಕು. ಬಿ.ಇ. ಆಗಿರುವುದರಿಂದ ಅವಳು ಮೊದಲು ಎರಡು ವರ್ಷದ ಎಂ.ಡೆಸ್., ಅಂದರೆ ಡಿಸೈನ್ ಸ್ನಾತಕೋತ್ತರ ಪದವಿ, ಮಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. 1969ರಲ್ಲಿ ಶುರುವಾದ ಮುಂಬಯಿ ಐಐಟಿಯ ಡಿಸೈನ್ ಶಾಲೆ ಐಡಿಸಿ, ಗುವಾಹಟಿ ಐಐಟಿಯ ಡಿಸೈನ್ ವಿಭಾಗ, ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಕ್ಯಾಂಪಸ್ಸು, ದೆಹಲಿಯ ಐಐಐಟಿ, ಇವೆಲ್ಲ ಎಂ.ಡೆಸ್.ಗೋ ಪಿಎಚ್‌ಡಿಗೋ ಗಮನಿಸಬೇಕಾದ ಜಾಗಗಳು. ಐಐಟಿಗಳಿಗೂ ವಿಜ್ಞಾನ ಸಂಸ್ಥೆಗೂ ‘ಸೀಡ್’ ಎಂಬ ಪರೀಕ್ಷೆ, ಎನ್‌ಐಡಿಗೆ ಬೇರೆಯೇ ಪರೀಕ್ಷೆ. ಪಿಎಚ್‌ಡಿಗೆ ಸೇರಿದ ಮೇಲೆ ಕೇಂದ್ರದ ಶಿಷ್ಯವೇತನ ಮೊದಲೆರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000. ಅವಳ ಈಗಿನ ಸಂಬಳದ ಪಕ್ಕ ಇದು ಚಿಕ್ಕದು, ಮತ್ತು ಐದು ವರ್ಷ ಹೀಗೇ ಇರುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಮನೆಯ ಸಾಲ ಅವಳ ಹೆಗಲ ಮೇಲಿದ್ದರೆ ಅದು ತೀರುವವರೆಗೆ ಕಾಯಲಿ. ವಿದೇಶಕ್ಕೆ ಹೋಗುವುದಾದರೆ ಒಂದೇ ಮಾತು: ಎಂ.ಎಸ್.ಗೆ ಸಾಮಾನ್ಯವಾಗಿ ನಾವೇ ದುಡ್ಡು ಕಟ್ಟಬೇಕು. ಪಿಎಚ್‌ಡಿಗೆ ಒಳ್ಳೆಯ ವಿಶ್ವವಿದ್ಯಾಲಯ ಶುಲ್ಕ ಮನ್ನಾ ಮಾಡಿ ಶಿಷ್ಯವೇತನ ಕೊಡುತ್ತದೆ. ಪಿಎಚ್‌ಡಿಗೆ ಸಾಲ ಮಾಡಬೇಡಿ.

ಓದು ಮುಗಿದ ಮೇಲೆ ಐಐಟಿಯಲ್ಲಿ ಮೊದಲ ದರ್ಜೆಯ ಸಹಾಯಕ ಪ್ರಾಧ್ಯಾಪಕರಾದರೆ ಮೂಲವೇತನ ₹1,01,500ರಿಂದ, ವಿಶ್ವವಿದ್ಯಾಲಯಗಳಲ್ಲಿ ₹57,700ರಿಂದ ಶುರು. ಬದುಕಲು ಕೊರತೆಯಿಲ್ಲ. ಕೊರತೆ ಇರುವುದು ಹುದ್ದೆಗಳಿಗೆ. ಎಚ್‌ಸಿಐಗೆಂದೇ ಇರುವ ವಿಭಾಗ ನಮ್ಮಲ್ಲಿ ಬೆರಳೆಣಿಕೆಯಷ್ಟು. ಈ ವಿಷಯಕ್ಕೆ ಸ್ವಂತ ಮನೆಯಿಲ್ಲ; ಒಂದು ಕಡೆ ಕಂಪ್ಯೂಟರ್ ವಿಭಾಗದ ಪಡಸಾಲೆಯಲ್ಲಿ, ಇನ್ನೊಂದು ಕಡೆ ಡಿಸೈನ್ ವಿಭಾಗದ ಹಿತ್ತಿಲಲ್ಲಿ ಇದೆ. ಎಂಜಿನಿಯರಿಂಗ್ ಕಾಲೇಜುಗಳು ಹುದ್ದೆಗೆ ‘ಸಂಬಂಧಿತ ಶಾಖೆ’ಯ ಪದವಿ ಕೇಳುತ್ತವೆ. ಎಂ.ಡೆಸ್. ಮಾಡಿ ಡಿಸೈನ್‌ನಲ್ಲಿ ಪಿಎಚ್‌ಡಿ ಪಡೆದವರಿಗೆ ಕಂಪ್ಯೂಟರ್ ವಿಭಾಗದ ಬಾಗಿಲು ಇದೇ ಕಾರಣಕ್ಕೆ ಮುಚ್ಚಬಹುದು. ಆದ್ದರಿಂದ ಮುಂದೆ ಯಾವ ವಿಭಾಗದಲ್ಲಿ ಪಾಠ ಹೇಳುವ ಆಸೆ ಎಂಬುದನ್ನು ಈಗಲೇ ಯೋಚಿಸಿ, ಅಂಥ ಹುದ್ದೆಯ ಹಳೆಯ ಅಧಿಸೂಚನೆಯೊಂದನ್ನು ತೆಗೆದು ಅರ್ಹತೆಯ ಸಾಲನ್ನು ಓದಿಕೊಳ್ಳಲಿ. ಇನ್ನೊಂದು ತೊಡಕಿದೆ. ಈ ವಿಷಯದಲ್ಲಿ ಜರ್ನಲ್‌ಗಿಂತ ಸಮ್ಮೇಳನಕ್ಕೆ ಬೆಲೆ ಹೆಚ್ಚು. ಎಲ್ಲಕ್ಕಿಂತ ದೊಡ್ಡದು ‘ಕೈ’ ಎಂದು ಕರೆಯುವ ವಾರ್ಷಿಕ ಸಮ್ಮೇಳನ; ಅದರ ಬೇರು 1982ರಲ್ಲಿ ಮೇರಿಲ್ಯಾಂಡಿನ ಗೈಥರ್ಸ್‌ಬರ್ಗ್‌ನಲ್ಲಿ ನಡೆದ ಸಭೆಯಲ್ಲಿದೆ. ಅಲ್ಲಿಗೆ ಕಳಿಸಿದ ನಾಲ್ಕು ಪ್ರಬಂಧದಲ್ಲಿ ಸುಮಾರು ಒಂದು ಮಾತ್ರ ಒಪ್ಪಿಗೆಯಾಗುತ್ತದೆ. ಹಾಗಿದ್ದರೂ ನಮ್ಮ ಅನೇಕ ವಿಶ್ವವಿದ್ಯಾಲಯಗಳು ಬಡ್ತಿಯ ಲೆಕ್ಕದಲ್ಲಿ ಜರ್ನಲ್‌ಗೇ ಹೆಚ್ಚು ಅಂಕ ಕೊಡುತ್ತವೆ. ಇದು ಬದಲಾಗಬೇಕು. ಅಲ್ಲಿಯವರೆಗೆ ಅವಳು ಎರಡರಲ್ಲೂ ಬರೆಯಬೇಕು.

ಹುದ್ದೆ ಸಿಗದಿದ್ದರೆ? ಕಂಪನಿಗಳ ಸಂಶೋಧನಾ ವಿಭಾಗಗಳು ಪಿಎಚ್‌ಡಿ ಆದವರನ್ನು ತೆಗೆದುಕೊಳ್ಳುತ್ತವೆ. ಕೆಲಸ ಬಿಟ್ಟು ಹೋದ ಹುಡುಗಿ ಬೀದಿಗೆ ಬೀಳುತ್ತಾಳೆಂಬ ಭಯವನ್ನು ನೀವು ಬಿಡಬಹುದು.

ಕಳಿಸಬೇಕೋ ಬೇಡವೋ ಎಂದು ಹೇಗೆ ತಿಳಿಯುವುದು? ಅವಳು ಊರಿಗೆ ಬಂದಾಗ ಒಂದು ಕೆಲಸ ಹೇಳಿ. ನಿಮ್ಮ ಹತ್ತಿರದ ಗ್ರಾಮ ಒನ್ ಕೇಂದ್ರದಲ್ಲಿ ಎರಡು ಶನಿವಾರ, ಅಲ್ಲಿದ್ದವರ ಅನುಮತಿ ಕೇಳಿ, ಒಂದು ಮೂಲೆಯಲ್ಲಿ ಕೂರಲಿ. ಲ್ಯಾಪ್‌ಟಾಪ್ ಬೇಡ, ನೋಟ್‌ಬುಕ್ಕು ಸಾಕು. ಜಾತಿ ಪ್ರಮಾಣಪತ್ರಕ್ಕೋ ಪಿಂಚಣಿಗೋ ಬಂದವರು ಏನು ಕೇಳುತ್ತಾರೆ, ಕಂಪ್ಯೂಟರ್ ಮುಂದಿರುವ ಹುಡುಗ ಪರದೆಯ ಮಾತನ್ನು ಅವರ ಮಾತಿಗೆ ಹೇಗೆ ತಿರುಗಿಸುತ್ತಾನೆ, ಒಟಿಪಿ ಬಂದ ಫೋನು ಮನೆಯಲ್ಲಿ ಮಗನ ಹತ್ತಿರ ಇದ್ದರೆ ಏನಾಗುತ್ತದೆ, ಎಲ್ಲ ಬರೆದುಕೊಳ್ಳಲಿ. ಪರದೆ ನಡೆಸುವವರು ಒಬ್ಬರು, ಅದರಿಂದ ಕೆಲಸವಾಗಬೇಕಾದವರು ಇನ್ನೊಬ್ಬರು. ನಿತ್ಯಾ ಸಾಂಬಶಿವನ್ ಮತ್ತು ಜೊತೆಗಾರರು ಬೆಂಗಳೂರಿನ ಕೊಳೆಗೇರಿಗಳಲ್ಲಿ ಇದನ್ನೇ ನೋಡಿ ಬರೆದದ್ದು 2010ರ ಕೈ ಸಮ್ಮೇಳನದಲ್ಲಿ ಪ್ರಕಟವಾಯಿತು. ಒಬ್ಬ ಮನುಷ್ಯ ಒಂದು ಕಂಪ್ಯೂಟರ್ ಎಂದು ಎಣಿಸಿದ್ದ ಶಾಸ್ತ್ರಕ್ಕೆ ಅದು ಹೊಸ ನೋಟ.

ಎರಡನೇ ಶನಿವಾರ ಸಂಜೆ ಆ ನೋಟ್‌ಬುಕ್ಕು ತೆಗೆದು ನೀವೇ ಓದಿ. ‘ಇಲ್ಲಿ ಗುಂಡಿ ದೊಡ್ಡದಿರಬೇಕಿತ್ತು’ ಎಂಬಂಥ ಮಾತುಗಳೇ ತುಂಬಿದ್ದರೆ ಅವಳು ಒಳ್ಳೆಯ ಡಿಸೈನರ್, ಈಗಿನ ಕೆಲಸದಲ್ಲೇ ಸುಖವಾಗಿರುತ್ತಾಳೆ. ‘ಅವರು ಯಾಕೆ ಹಾಗೆ ಮಾಡಿದರು’ ಎಂದು ಪುಟಗಟ್ಟಲೆ ಬರೆದಿದ್ದರೆ, ಮೂರನೇ ಶನಿವಾರವೂ ಹೋಗುತ್ತೇನೆ ಎಂದರೆ, ದಯವಿಟ್ಟು ತಡೆಯಬೇಡಿ. ಹಾಜರಾತಿಯನ್ನೂ ಅಂಕಗಳನ್ನೂ ಮೊಬೈಲಿಗೆ ತುಂಬಲು ರಾತ್ರಿ ಎದ್ದು ಕೂರುವ ಅಕ್ಕೋರ ಮಗಳು ಅವಳು. ಯಂತ್ರದೆದುರು ತನ್ನನ್ನೇ ಬೈದುಕೊಳ್ಳುವವರ ಪರ ನಿಲ್ಲಲು ಮನಸ್ಸು ಮಾಡಿದ್ದರೆ ಅವಳಿಗೆ ನಿಮ್ಮ ಒಪ್ಪಿಗೆ ಬೇಕು.

ಸೀಡ್ ಪರೀಕ್ಷೆ ಜನವರಿಯಲ್ಲಿ ನಡೆಯುತ್ತದೆ, ಅರ್ಜಿಯನ್ನು ಅಕ್ಟೋಬರ್ ಹೊತ್ತಿಗೆ ಕರೆಯುತ್ತಾರೆ. ಆ ಎರಡು ಶನಿವಾರಗಳನ್ನು ಅದಕ್ಕೆ ಮೊದಲೇ ಮುಗಿಸಿಕೊಳ್ಳಲು ಹೇಳಿ.